ಎಂಟು ಭಾನುವಾರ ಬ್ರೌನಿಂಗನ ಜೊತೆ: ಸರಸ್ವತಿಪುರಂನ ಕಾವ್ಯದ ಓದು ತರಗತಿ

ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ನಡೆಯುವ ಕಾವ್ಯದ ಓದು ತರಗತಿಗೆ ಈ ಸಲ ಎಂಟು ವಾರ ತಪ್ಪದೆ ಹೋಗಿ ಬಂದೆ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕವಿಗಳ, ಅದರಲ್ಲೂ ಮುಖ್ಯವಾಗಿ ರಾಬರ್ಟ್ ಬ್ರೌನಿಂಗನ ನಾಟಕೀಯ ಸ್ವಗತಗಳು ಓದಿನ ವಿಷಯವಾಗಿದ್ದವು. ಶುಲ್ಕ 1,600 ರೂಪಾಯಿ. ಕವಿತೆಗಳ ಜೆರಾಕ್ಸ್ ಪ್ರತಿಯೂ ನಡುವಿನ ಕಾಫಿಯೂ ಅದರಲ್ಲೇ ಸೇರಿವೆ. ನಾವು ಹದಿನಾಲ್ಕು ಮಂದಿ ಇದ್ದೆವು. ಮಾನಸಗಂಗೋತ್ರಿಯ ಎಂ.ಎ. ವಿದ್ಯಾರ್ಥಿಗಳೇ ಹೆಚ್ಚು, ಅವರೊಂದಿಗೆ ಇಬ್ಬರು ಪ್ರೌಢಶಾಲೆಯ ಶಿಕ್ಷಕಿಯರು ಮತ್ತು ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು.

ಪಾಠ ಮಾಡುವವರು ಇಬ್ಬರು ನಿವೃತ್ತ ಅಧ್ಯಾಪಕರು. ಗಮಕದಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುವಂತೆ ಇಲ್ಲಿ ಮೇಡಂ ಇಂಗ್ಲಿಷ್ ಸಾಲುಗಳನ್ನು ಓದುತ್ತಾರೆ, ಸರ್ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಕುಮಾರವ್ಯಾಸನನ್ನು ಹೀಗೆ ಕೇಳಿ ಬೆಳೆದವರಿಗೆ ಈ ಕ್ರಮ ಮೊದಲ ದಿನವೇ ಒಗ್ಗುತ್ತದೆ. ಈ ಕವಿತೆಗಳಿಗಂತೂ ಇದಕ್ಕಿಂತ ಹೊಂದುವ ಕ್ರಮ ಇನ್ನೊಂದಿಲ್ಲವೆಂದು ನನಗೆ ಅನ್ನಿಸಿದೆ, ಏಕೆಂದರೆ ಇವು ಕಿವಿಗೆ ಬಿದ್ದಾಗಲೇ ಪೂರ್ತಿಯಾಗುವ ಕವಿತೆಗಳು.

ಮೊದಲ ಭಾನುವಾರ ಸರ್ ‘ಸ್ವಗತ’ ಎಂಬ ಪದದ ಬಗ್ಗೆಯೇ ಎಚ್ಚರಿಸಿದರು. ನಮ್ಮ ನಾಟಕಗಳಲ್ಲಿ ಸ್ವಗತವೆಂದರೆ ಪಾತ್ರವೊಂದು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು. ಬ್ರೌನಿಂಗನಲ್ಲಿ ಮಾತಾಡುವವನ ಎದುರಿಗೆ ಸಾಮಾನ್ಯವಾಗಿ ಇನ್ನೊಬ್ಬರಿರುತ್ತಾರೆ, ಆದರೆ ಅವರ ದನಿ ನಮಗೆ ಕೇಳಿಸುವುದಿಲ್ಲ. ವಚನದ ಕೊನೆಗೆ ಅಂಕಿತ ಬಂದಾಗ ಮಾತು ಯಾರದು, ಯಾರಿಗೆ ಎಂಬುದು ತಿಳಿದುಹೋಗುತ್ತದೆ. ಇಲ್ಲಿ ಕವಿ ತನ್ನ ಅಂಕಿತವನ್ನೇ ಅಳಿಸಿಕೊಂಡು ಪಾತ್ರದ ಹಿಂದೆ ನಿಂತಿದ್ದಾನೆ. ಆದ್ದರಿಂದ ಮಾತನ್ನು ನಂಬುವುದೋ ಬಿಡುವುದೋ ಎಂಬ ತೀರ್ಮಾನ ಓದುಗರ ಪಾಲಿಗೆ ಬರುತ್ತದೆ. ಈ ಒಂದು ಮಾತನ್ನು ಮನದಟ್ಟು ಮಾಡಿಕೊಟ್ಟದ್ದಕ್ಕೇ ತರಗತಿಯ ಶುಲ್ಕ ಸಂದಾಯವಾಯಿತೆಂದು ನಾನು ಭಾವಿಸುತ್ತೇನೆ.

1842ರ ‘ಮೈ ಲಾಸ್ಟ್ ಡಚೆಸ್’ ಕವಿತೆಗೆ ಎರಡು ಪೂರ್ತಿ ಭಾನುವಾರಗಳನ್ನು ಕೊಟ್ಟರು. ಐವತ್ತಾರೇ ಸಾಲಿನ ಈ ಕವಿತೆಯಲ್ಲಿ ಫೆರಾರಾದ ಡ್ಯೂಕ್ ತನ್ನ ತೀರಿಹೋದ ಹೆಂಡತಿಯ ಭಾವಚಿತ್ರವನ್ನು ತೋರಿಸುತ್ತಾ ಮಾತಾಡುತ್ತಾನೆ. ಕೇಳುತ್ತಿರುವವನು ಅವನ ಮುಂದಿನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯಿಂದ ಬಂದ ದೂತ. ಎರಡನೆಯ ವಾರ ಮೇಡಂ ಒಂದು ಖಾಲಿ ಕುರ್ಚಿ ಹಾಕಿಸಿ, ಮಂಡ್ಯದ ಹಿರಿಯರನ್ನು ಅದರಲ್ಲಿ ಕೂರಿಸಿ, “ಸರ್, ನೀವೇ ದೂತ. ಮಾತಾಡುವ ಹಾಗಿಲ್ಲ, ಪದ್ಯ ಹೇಳಿದಂತೆ ನಡೆದುಕೊಳ್ಳಿ” ಎಂದರು. ತನ್ನ ಹೆಂಡತಿ ಎಲ್ಲರಿಗೂ ಒಂದೇ ತೆರನಾಗಿ ನಗುತ್ತಿದ್ದಳೆಂದು ಡ್ಯೂಕ್ ದೂರುವುದನ್ನೂ, ತಾನು ಆಜ್ಞೆ ಕೊಟ್ಟ ಮೇಲೆ ಆ ನಗೆಗಳೆಲ್ಲ ಒಮ್ಮೆಗೇ ನಿಂತವೆಂದು ಹೇಳುವುದನ್ನೂ ಮೇಡಂ ದನಿಯೇರಿಸದೆ ಓದಿದರು. ಅದರ ಬೆನ್ನಿಗೇ ‘ದಯವಿಟ್ಟು ಏಳುತ್ತೀರಾ’ ಎಂಬರ್ಥದ ಸಾಲು ಬಂತು. ಹಿರಿಯರು ಎದ್ದು ನಿಂತರು. ನಂತರ ವರದಕ್ಷಿಣೆಯ ಪ್ರಸ್ತಾಪ. ಅದು ಮುಗಿಯುತ್ತಿದ್ದಂತೆ ‘ಬೇಡ, ಒಟ್ಟಿಗೇ ಕೆಳಗಿಳಿಯೋಣ’ ಎಂದು ಡ್ಯೂಕ್ ಅನ್ನುವಾಗ ಅವರು ತಮಗರಿವಿಲ್ಲದಂತೆ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಾಗಿತ್ತು. ದೂತನ ಬಗ್ಗೆ ಕವಿ ಒಂದು ಮಾತನ್ನೂ ವಿವರಿಸಿಲ್ಲ. ಆದರೂ ಅವನು ಎದ್ದದ್ದು, ಹೊರಡಲು ಅವಸರಪಟ್ಟದ್ದು, ಅವನನ್ನು ತಡೆದು ಪಕ್ಕಕ್ಕೆ ಕರೆದುಕೊಂಡದ್ದು ಎಲ್ಲವೂ ಡ್ಯೂಕನ ಮಾತಿನೊಳಗೇ ಇವೆ. ಆ ಬೆಳಿಗ್ಗೆ ಅದನ್ನು ಕಣ್ಣಾರೆ ಕಂಡೆವು.

ಇದೇ ಕವಿತೆಯಲ್ಲಿ ತರಗತಿಯ ದೊಡ್ಡ ಲೋಪವೂ ಬಯಲಾಯಿತು. ನಮಗೆ ಕೊಟ್ಟ ಪ್ರತಿಯಲ್ಲಿ ಸಾಲುಗಳನ್ನು ಗದ್ಯದಂತೆ ಕೂಡಿಸಿ ಅಚ್ಚು ಹಾಕಿದ್ದರು. ಇಡೀ ಕವಿತೆ ದ್ವಿಪದಿಗಳಲ್ಲಿದೆ, ಎರಡೆರಡು ಸಾಲಿಗೆ ಅಂತ್ಯಪ್ರಾಸವಿದೆ. ಆದರೆ ವಾಕ್ಯಗಳು ಸಾಲಿನ ತುದಿಯಲ್ಲಿ ನಿಲ್ಲದೆ ಮುಂದಕ್ಕೆ ಹರಿಯುವುದರಿಂದ ಪ್ರಾಸ ಕಿವಿಗೆ ಅಡಗಿಹೋಗುತ್ತದೆ. ಸಹಜವಾಗಿ ಹರಟುತ್ತಿರುವಂತೆ ತೋರುವ ಡ್ಯೂಕ್ ಎಷ್ಟು ಬಿಗಿಯಾದ ಹಿಡಿತದಲ್ಲಿ ಮಾತಾಡುತ್ತಿದ್ದಾನೆ ಎಂಬುದು ಅಲ್ಲಿಯೇ ತಿಳಿಯಬೇಕು. ಸಾಲು ಅಳಿಸಿದ ಪ್ರತಿಯಲ್ಲಿ ಅವನ ಗುಣದ ಅರ್ಧಭಾಗವೇ ಅಳಿಸಿಹೋಗಿತ್ತು. ಕಾವ್ಯ ಕಲಿಸಲು ಹಣ ತೆಗೆದುಕೊಳ್ಳುವವರು ಪ್ರತಿಯನ್ನು ಒಮ್ಮೆ ತಿದ್ದಿ ಕೊಡಲೇಬೇಕು.

ಪ್ರೇಮದ ವಿಚಾರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು 1855ರ ‘ಆಂಡ್ರಿಯಾ ಡೆಲ್ ಸಾರ್ಟೊ’ ಓದಿದ ಎರಡು ವಾರ. ತಪ್ಪಿಲ್ಲದೆ ಚಿತ್ರ ಬರೆಯಬಲ್ಲ ಈ ಚಿತ್ರಕಾರ ಸಂಜೆಯ ಹೊತ್ತು ಹೆಂಡತಿ ಲುಕ್ರೇಜಿಯಾಳ ಕೈ ಹಿಡಿದು ಅರ್ಧ ಗಂಟೆ ಕಿಟಕಿಯ ಬಳಿ ಕೂರೆಂದು ಬೇಡುತ್ತಾನೆ. ಮಹಾ ಚಿತ್ರಕಾರ ರಾಫೆಲನ ಚಿತ್ರವೊಂದರ ನಕಲಿನಲ್ಲಿ ತೋಳು ಸೊಟ್ಟಗಿರುವುದನ್ನು ಕಂಡು ಬಳಪದಿಂದ ತಿದ್ದುತ್ತಾನೆ, ಮರುಕ್ಷಣವೇ ‘ಆದರೆ ಆತ್ಮ ಅವನದು’ ಎಂಬ ಅಳುಕಿನಿಂದ ತಾನೇ ಒರೆಸಿಬಿಡುತ್ತಾನೆ. ಮನುಷ್ಯನ ಕೈ ಎಟುಕಿಗೆ ಮೀರಿದ್ದಕ್ಕೆ ಚಾಚಬೇಕು, ಇಲ್ಲವಾದರೆ ಸ್ವರ್ಗ ಇರುವುದು ಯಾತಕ್ಕೆ ಎಂಬ ಪ್ರಸಿದ್ಧ ಮಾತು ಈ ಕವಿತೆಯದೇ. ಅದನ್ನು ಬ್ರೌನಿಂಗನ ಹಿತವಚನವೆಂದು ಭಾಷಣಗಳಲ್ಲಿ ಉದ್ಧರಿಸುವುದುಂಟು. ಆದರೆ ಅದನ್ನು ಆಡುವವನು ಚಾಚದೆ ಉಳಿದವನು, ತನ್ನ ಸೋಲಿಗೆ ಕಾರಣ ಹುಡುಕುತ್ತಿರುವವನು. ಇದನ್ನು ಸರ್ ತೋರಿಸಿಕೊಟ್ಟ ರೀತಿ ನಿಜಕ್ಕೂ ದೊಡ್ಡದು.

ಅವರ ಮುಂದಿನ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಆಂಡ್ರಿಯಾನದು ಪ್ರೇಮವಲ್ಲ, ಹೇಡಿತನದ ನೆಪ ಎಂದು ಅವರು ಹೇಳಿದರು. ಹೊರಗೆ ನಿಂತ ಅವಳ ಪ್ರಿಯಕರನ ಶಿಳ್ಳೆ ಕೇಳಿದಾಗ, ಅವನು ಯಾರೆಂದು ತಿಳಿದೂ, ‘ಹೋಗು, ನನ್ನ ಒಲವೇ’ ಎಂದು ಹೆಂಡತಿಯನ್ನು ಕಳಿಸಿಕೊಡುವ ಕೊನೆಯ ಸಾಲಿನಲ್ಲಿ ನೆಪವೂ ಇದೆ, ಪ್ರೇಮವೂ ಇದೆ. ಎರಡನ್ನೂ ಬೇರ್ಪಡಿಸಲಾಗದಂತೆ ಕವಿ ಹೆಣೆದಿದ್ದಾನೆ. ನಾನು ಇದನ್ನು ಹೇಳಿದಾಗ ಸರ್ ಕೊನೆಯ ಇಪ್ಪತ್ತು ಸಾಲುಗಳನ್ನು ಮತ್ತೊಮ್ಮೆ ಓದಿಸಿದರು, ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ, ನನ್ನದನ್ನು ಬದಲಿಸೆಂದು ಒತ್ತಾಯವನ್ನೂ ಮಾಡಲಿಲ್ಲ.

ಟೆನಿಸನ್ನನ ‘ಯುಲಿಸಿಸ್’ಗೆ ಒಂದು ವಾರ ಸಾಕಾಯಿತು. ಗೆಳೆಯ ಹ್ಯಾಲಮ್ 1833ರಲ್ಲಿ ತೀರಿಕೊಂಡ ದುಃಖದಲ್ಲಿ ಅದು ಹುಟ್ಟಿತೆಂಬ ಹಿನ್ನೆಲೆಯನ್ನು ಚೆನ್ನಾಗಿ ಹೇಳಿದರು.

ದೇವರ ಮೇಲಿನ ನಂಬಿಕೆಯ ಕುರಿತ ಕವಿತೆಗಳ ಭಾಗ ಅರ್ಧ ಸೊಗಸು, ಅರ್ಧ ಅವಸರ. ‘ಪಾರ್ಫಿರಿಯಾಸ್ ಲವರ್’ನಲ್ಲಿ ಪ್ರೇಯಸಿಯನ್ನು ಅವಳ ಕೂದಲಿನಿಂದಲೇ ಕೊರಳು ಬಿಗಿದು ಕೊಂದವನು, ರಾತ್ರಿಯಿಡೀ ಅವಳೊಂದಿಗೆ ಕುಳಿತು, ದೇವರು ಇನ್ನೂ ಒಂದು ಮಾತನ್ನೂ ಆಡಿಲ್ಲವೆಂದು ಹೇಳುವ ಕೊನೆಯ ಸಾಲಿನ ಚರ್ಚೆ ಒಂದು ಗಂಟೆ ನಡೆಯಿತು. ಸಾಯುತ್ತಾ ಮಲಗಿದ ಬಿಷಪ್ ತನ್ನ ಗೋರಿಗೆ ಯಾವ ಕಲ್ಲು ಹಾಕಿಸಬೇಕೆಂದು ಮಕ್ಕಳಲ್ಲಿ ಗೋಗರೆಯುವ 1845ರ ಕವಿತೆಯೂ ಹಾಗೆಯೇ ಬೆಳೆಯಿತು. ಎಲ್ಲವೂ ವ್ಯರ್ಥವೆಂಬ ಬೈಬಲಿನ ಮಾತಿನಿಂದ ಆರಂಭಿಸಿದವನು ಹಳೆಯ ಪ್ರತಿಸ್ಪರ್ಧಿ ತನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದನ್ನು ನೆನೆಯುತ್ತಾ ಮುಗಿಸುತ್ತಾನೆ.

ಆದರೆ ಕೊನೆಯ ಭಾನುವಾರಕ್ಕೆ ಇಟ್ಟಿದ್ದ, ಕಾರ್ಷಿಷನ ಪತ್ರದ ರೂಪದಲ್ಲಿರುವ ಬ್ರೌನಿಂಗನ ಕವಿತೆಗೆ ದೊರೆತದ್ದು ಇಪ್ಪತ್ತೈದೇ ನಿಮಿಷ. ಉಳಿದ ಸಮಯ ಪರೀಕ್ಷೆಯ ಪ್ರಶ್ನೆಗಳಿಗೂ ಪ್ರಮಾಣಪತ್ರಗಳಿಗೂ ಹೋಯಿತು. ಇದರಿಂದ ನನಗೆ ಬಹಳ ಬೇಸರವಾಯಿತು. ಅರಬ್ ವೈದ್ಯನೊಬ್ಬ ಗುರುವಿಗೆ ಬರೆದ ಪತ್ರವದು. ಸತ್ತ ಮೇಲೆ ಯೇಸು ಬದುಕಿಸಿದನೆಂದು ಬೈಬಲ್ ಹೇಳುವ ಲಾಜರಸನನ್ನು ಕಂಡು, ಮೂರು ದಿನದ ಮೂರ್ಛೆಯೆಂದು ರೋಗ ಗುರುತಿಸಿ, ಇಂಥ ಕ್ಷುಲ್ಲಕ ಸಂಗತಿ ಬರೆದೆನೆಂದು ಕ್ಷಮೆ ಕೇಳಿ, ಗಿಡಮೂಲಿಕೆಯ ಮಾತಿಗೆ ತಿರುಗುತ್ತಾನೆ. ಪತ್ರ ಮುಗಿಯಿತೆನ್ನುವಾಗ, ಸರ್ವಶಕ್ತನಾದವನು ಪ್ರೀತಿಸುವವನೂ ಆಗಿದ್ದರೆ ಎಂಬ ಯೋಚನೆ ಅವನನ್ನು ಬಿಡದೆ ಮರಳಿ ಬರುತ್ತದೆ. ನಂಬಲಾರದವನೊಬ್ಬ ನಂಬಿಕೆಯ ಹೊಸ್ತಿಲಲ್ಲಿ ತಡವರಿಸುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಕವಿತೆಯನ್ನು ಅರ್ಧಕ್ಕೇ ಮಡಚಿಡಬಾರದಿತ್ತು.

ಮುಂದಿನ ವಾರ ನಾವು ಐದು ಮಂದಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಅದನ್ನು ಪೂರ್ತಿ ಓದಿದೆವು. ಮಂಡ್ಯದ ಹಿರಿಯರೂ ಅದಕ್ಕೆಂದೇ ಬಂದಿದ್ದರು. ಮುಂದಿನ ತಂಡಕ್ಕೆ ಕಾರ್ಷಿಷನಿಗೆ ಎರಡು ವಾರ ಕೊಡಬೇಕೆಂದೂ ಪ್ರತಿಗಳನ್ನು ಸರಿಪಡಿಸಬೇಕೆಂದೂ ಬರೆದು ಕೊಟ್ಟಿದ್ದೇನೆ. ಪ್ರತಿಗಳ ವಿಷಯವನ್ನು ಮೇಡಂ ಒಪ್ಪಿದ್ದಾರೆ. ನಾನು ಮತ್ತೆ ಹೆಸರು ನೋಂದಾಯಿಸಿದ್ದೇನೆ.