ಅಮ್ಮನ ಮಣೆಗೆ ಯಾವ ಮರ: ಹಲಸು, ಸಾಗುವಾನಿ, ರಬ್ಬರ್ ಹಲಗೆ

ಕರಾವಳಿಯಲ್ಲಿ ಮರದ ವಸ್ತುವಿನ ನಿಜವಾದ ಗುಣ ತಿಳಿಯುವುದು ಜೋರು ಮಳೆಯ ಆಟಿ ತಿಂಗಳಲ್ಲಿ. ಬೇಸಿಗೆಯಲ್ಲಿ ಮಾಡಿಟ್ಟ ಪೆಟ್ಟಿಗೆಯ ಮುಚ್ಚಳ ಆಗ ಬಿಗಿಯುತ್ತದೆ, ಬಾಗಿಲು ಚೌಕಟ್ಟಿಗೆ ತಾಗುತ್ತದೆ, ಗೋಡೆಗೆ ಒರಗಿಸಿಟ್ಟ ಹಲಗೆಯ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮರಗೆಲಸವನ್ನು ಈಗಷ್ಟೇ ಕಲಿಯುತ್ತಿರುವ ನಾನು ಅಮ್ಮನಿಗೆಂದು ಮಣೆ ಮಾಡಲು ಹೊರಟಾಗ, ಒಂದೇ ಅಳತೆಯ ಮಣೆಯನ್ನು ಮೂರು ಬಗೆಯ ಮರದಲ್ಲಿ ಮಾಡಿ, ಮೂರನ್ನೂ ಒಂದೇ ಮನೆಯಲ್ಲಿ ಮಳೆಗಾಲ ಕಳೆಯಲು ಬಿಟ್ಟು, ಆಮೇಲೆ ತೀರ್ಮಾನಿಸುವುದೆಂದು ನಿಶ್ಚಯಿಸಿದೆ.

ಮಣೆಯ ಅಳತೆಯನ್ನು ನಿರ್ಧರಿಸಿದ್ದು ಅದರ ಕೆಲಸ. ಉಡುಪಿ ಜಿಲ್ಲೆಯ ಶಂಕರಪುರದ ಕಡೆಯ ಅನೇಕ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ಬೆಳಗಿನ ಹೊತ್ತು ಮಲ್ಲಿಗೆ ಕಟ್ಟುವ ಕೆಲಸವಿದೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಹೂ ಕಟ್ಟಿ ಮುಗಿಸುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತದೆ. ಊಟದ ಮಣೆಯ ಎರಡು ಇಂಚು ಎತ್ತರದಿಂದ ಏಳುವುದು ಮೊಣಕಾಲು ನೋವಿರುವವರಿಗೆ ಸುಲಭವಲ್ಲ. ಹಾಗಾಗಿ ಉದ್ದ 16 ಇಂಚು, ಅಗಲ 10 ಇಂಚು, ಎತ್ತರ 6 ಇಂಚು ಎಂದು ಗೊತ್ತುಮಾಡಿದೆ. ಒದ್ದೆ ಬಾಳೆನಾರು, ಒದ್ದೆ ಕೈ, ಒದ್ದೆ ಬಟ್ಟೆ ಇವೆಲ್ಲ ಆ ಮಣೆಗೆ ದಿನನಿತ್ಯ ತಾಗುವಂಥವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

ಮರ ಹಿಗ್ಗುವುದರ ಗಣಿತವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಭಾಗದಲ್ಲಿ ಜುಲೈ ತಿಂಗಳ ಗಾಳಿಯ ಆರ್ದ್ರತೆ ಶೇ. 85ರ ಆಸುಪಾಸಿಗೆ ಏರುತ್ತದೆ. ಅಂಥ ಗಾಳಿಯಲ್ಲಿ ಇರುವ ಮರದಲ್ಲಿ ಅದರ ಒಣ ತೂಕದ ಶೇ. 18ರಷ್ಟು ನೀರು ನಿಲ್ಲುತ್ತದೆ, ಆರ್ದ್ರತೆ ಶೇ. 60ಕ್ಕೆ ಇಳಿಯುವ ಒಣಹವೆಯಲ್ಲಿ ಅದು ಶೇ. 11ರ ಹತ್ತಿರಕ್ಕೆ ಬರುತ್ತದೆ. ಹೆಚ್ಚು ಅಲುಗಾಡದ ಮರವೆಂದು ಹೆಸರಾದ ಸಾಗುವಾನಿಯೇ ಆದರೂ, ಹತ್ತು ಇಂಚು ಅಗಲದ ಹಲಗೆ ಈ ವ್ಯತ್ಯಾಸಕ್ಕೆ ಎರಡು ಮೂರು ಮಿಲಿಮೀಟರು ಹಿಗ್ಗಿ ಕುಗ್ಗುತ್ತದೆ. ಉದ್ದದ ದಿಕ್ಕಿನಲ್ಲಿ ಮಾತ್ರ ಬಹುತೇಕ ಏನೂ ಆಗುವುದಿಲ್ಲ.

ರಬ್ಬರ್ ಮರದ ಹಲಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಹಾಲು ಮುಗಿದ ರಬ್ಬರ್ ಮರಕ್ಕೆ ಕೊರತೆಯಿಲ್ಲ. ತುಂಡುಗಳನ್ನು ಬೆರಳು ಕೋದಂತೆ ಜೋಡಿಸಿ ಅಂಟಿಸಿದ ಸಿದ್ಧ ಹಲಗೆ ಪ್ಲೈವುಡ್ ಅಂಗಡಿಯಲ್ಲಿ ದೊರೆಯುತ್ತದೆ. ಅದು ಸಮತಟ್ಟಾಗಿರುವುದರಿಂದ ಮೈಯನ್ನು ಹೆರೆದು ಸಮ ಮಾಡುವ ಕೀಸುಳಿಯ ಕೆಲಸ ಅಷ್ಟಾಗಿ ಬೇಡ. ಗರಗಸ ಹಿಡಿದು ಅಭ್ಯಾಸವಿಲ್ಲದವರಿಗೆ ಇದು ದೊಡ್ಡ ಅನುಕೂಲ. ಆದರೆ ಈ ಮರದಲ್ಲಿ ಪಿಷ್ಟ ಹೆಚ್ಚು, ಸ್ವಂತ ರಕ್ಷಣೆ ಇಲ್ಲ. ಬೋರಾನ್ ಲವಣದ ಉಪಚಾರ ಸರಿಯಾಗಿ ಆಗಿರದಿದ್ದರೆ ಕುಟ್ಟೆ ಹುಳವೂ ನೀಲಿ ಬಣ್ಣದ ಬೂಷ್ಟೂ ತಪ್ಪುವುದಿಲ್ಲ. ನನ್ನ ಮಣೆಯ ಕೆಳಭಾಗದಲ್ಲಿ, ಎಣ್ಣೆ ತೆಳುವಾಗಿದ್ದ ಕಡೆ, ಮಳೆಗಾಲದ ನಡುವಿನಲ್ಲಿ ಬೂದು ಚುಕ್ಕೆಗಳು ಎದ್ದವು. ಒಳಕೋಣೆಯ ವಸ್ತುವಿಗೆ ಇದು ಆದೀತು, ಒದ್ದೆಯ ಜಾಗಕ್ಕೆ ಆಗದು.

ಸಾಗುವಾನಿಯ ಹೆಸರು ದೊಡ್ಡದು, ಬೆಲೆಯೂ ಹಾಗೆಯೇ. ನಾನು ವಿಚಾರಿಸಿದ ಮರದ ಮಿಲ್ಲಿನಲ್ಲಿ ಹಲಸಿನ ದರಕ್ಕಿಂತ ಅದರ ದರ ಎರಡು ಪಟ್ಟಿಗೂ ಹೆಚ್ಚಿತ್ತು. ಎಳೆ, ಅಂದರೆ ಮರದ ನಾರು ಸಾಗುವ ದಿಕ್ಕು, ಬಹುಮಟ್ಟಿಗೆ ನೇರವಾಗಿರುವುದರಿಂದ ಉಳಿಯ ಮಾತನ್ನು ಅದು ಕೇಳುತ್ತದೆ. ಜೋಡಣೆಗೆ ಬೇಕಾದ ಕಚ್ಚು ಕಡಿಯುವಾಗ ಅಂಚು ಸಿಡಿಯುವುದು ಕಡಿಮೆ. ಆದರೆ ಅದರೊಳಗಿರುವ ಸಿಲಿಕಾ ಹದ ಮಾಡಿದ ಉಳಿಯ ಬಾಯನ್ನು ಬೇಗನೆ ಮೊಂಡು ಮಾಡುತ್ತದೆ, ಹದಕಲ್ಲಿಗೆ ಪದೇ ಪದೇ ಹೋಗಬೇಕಾಗುತ್ತದೆ. ಮರದ ಸ್ವಂತ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯದ ಕಾರಣ, ಅಂಟಿಸುವುದಕ್ಕೆ ಸ್ವಲ್ಪ ಮೊದಲು ಆ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳುವುದು ಅಗತ್ಯ. ಇನ್ನೊಂದು ಎಚ್ಚರ ಬೇಕು: ಇತ್ತೀಚೆಗೆ ಮಾರಾಟಕ್ಕೆ ಬರುವ ಎಳೆಯ ತೋಟದ ಮರಗಳಲ್ಲಿ ತೊಗಟೆಯ ಪಕ್ಕದ ಬಿಳಿ ಭಾಗವೇ ಬಹಳ ಇರುತ್ತದೆ. ಸಾಗುವಾನಿಯ ಕೀರ್ತಿಯೆಲ್ಲ ಅದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಸಲ್ಲುವಂಥದ್ದು, ಆ ಬಿಳಿಗೆ ಗೆದ್ದಲು ಸಂತೋಷದಿಂದ ಬರುತ್ತದೆ. ಮಳೆಗಾಲದಲ್ಲಿ ಮೂರರಲ್ಲಿ ಅತ್ಯಂತ ಕಡಿಮೆ ಬದಲಾದದ್ದು ಸಾಗುವಾನಿಯ ಮಣೆಯೇ ಎಂಬುದನ್ನು ಒಪ್ಪಬೇಕು.

ಇನ್ನು ಹಲಸು. ಮೃದಂಗಕ್ಕೂ ವೀಣೆಗೂ ಒದಗುವ ಈ ಮರವನ್ನು ನಮ್ಮ ಕಡೆ ಹಿತ್ತಿಲ ಮರವೆಂದು ಸ್ವಲ್ಪ ಹಗುರವಾಗಿ ನೋಡುವ ರೂಢಿಯಿದೆ, ಅದು ನನಗೆ ಸರಿ ಕಾಣುವುದಿಲ್ಲ. ಹೊಸದಾಗಿ ಕೊಯ್ದ ಹಲಗೆಯಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸಬೇಕೆಂಬುದು ಆಚಾರ್ರ ಲೆಕ್ಕ. ಅಷ್ಟು ಕಾಯುವುದರ ಬದಲು ಕೆಡವಿದ ಹೆಂಚಿನ ಮನೆಯ ಮುಚ್ಚಿಗೆಯ, ಅಂದರೆ ಮಾಡಿನ ಕೆಳಗಿನ ಮರದ ಚಾವಣಿಯ, ಹಲಗೆ ಹುಡುಕುವುದು ಲೇಸು. ದಶಕಗಳ ಮಳೆಗಾಲಗಳನ್ನು ಮನೆಯೊಳಗೆ ಕಳೆದ ಆ ಹಲಗೆ ಬಾಗುವುದಿದ್ದರೆ ಈಗಾಗಲೇ ಬಾಗಿರುತ್ತದೆ, ಸೀಳುವುದಿದ್ದರೆ ಸೀಳಿರುತ್ತದೆ. ಕಣ್ಣಿಟ್ಟು ನೋಡಿ ಆರಿಸಿಕೊಳ್ಳಬಹುದು. ಮುರಿದು ಒಳಗೇ ಉಳಿದ ಹಳೆಯ ಮೊಳೆಗಳನ್ನು ಅಯಸ್ಕಾಂತದಿಂದ ಹುಡುಕಿ ತೆಗೆಯದೆ ಕೀಸುಳಿ ಹಾಕಬಾರದು.

ಹಲಸಿನ ತೊಡಕು ಅದರ ಎಳೆಯಲ್ಲಿದೆ. ಒಂದು ಪಟ್ಟಿ ಬಲಕ್ಕೆ, ಪಕ್ಕದ ಪಟ್ಟಿ ಎಡಕ್ಕೆ ವಾಲಿ ಹೆಣೆದುಕೊಂಡಿರುವುದರಿಂದ ಯಾವ ದಿಕ್ಕಿನಿಂದ ಕೀಸಿದರೂ ಎಲ್ಲೋ ಒಂದೆಡೆ ಚಕ್ಕೆ ಕಿತ್ತು ಬರುತ್ತದೆ. ಕೀಸುಳಿಯ ಅಲಗನ್ನು ಕೂದಲೆಳೆಯಷ್ಟೇ ಹೊರಗಿಟ್ಟು, ಓರೆಯಾಗಿ ತಳ್ಳಿ, ಕೊನೆಗೆ ಆಚಾರ್ರು ಮಾಡುವಂತೆ ಗಾಜಿನ ಚೂರಿನ ಅಂಚಿನಿಂದ ಕೆರೆದರೆ ಮೈ ನುಣುಪಾಗುತ್ತದೆ. ಬೇಕಾಗುವುದು ಬಲಕ್ಕಿಂತ ತಾಳ್ಮೆ. ಕೈಯ ಉಪಕರಣ ಮಾತ್ರ ಇರುವವರಿಗೂ ಇದು ಸಾಧ್ಯ. ಬಣ್ಣದ ಸೊಗಸು ಬೇರೆಯೇ. ಕೀಸಿದ ದಿನ ಅರಸಿನದಂತಿರುವ ಮೈ, ಬೆಳಕು ತಾಗುತ್ತ ತಾಗುತ್ತ ಹೊಂಬಣ್ಣದ ಕಂದಿಗೆ ತಿರುಗುತ್ತದೆ. ಮರದೊಳಗಿನ ಹಳದಿ ಬಣ್ಣದಿಂದಲೇ ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳು ಉಡುವ ಚೀವರಕ್ಕೆ ಬಣ್ಣ ಕೊಡುವ ಪದ್ಧತಿ ಇದ್ದುದರಿಂದ, ಕೆಲಸ ಮಾಡುವಾಗ ಬೆವರಿದ ಕೈ ಹಳದಿಯಾಗುವುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಮರದ ಆಯ್ಕೆಗಿಂತಲೂ ಜೋಡಣೆಯ ಆಯ್ಕೆ ಹೆಚ್ಚು ನಿರ್ಣಾಯಕವಾಯಿತು. ಸಾಂಪ್ರದಾಯಿಕ ಮಣೆಯಲ್ಲಿ ಹಲಗೆಯ ಅಡಿಗೆ ಅಡ್ಡವಾಗಿ ಎರಡು ಪಟ್ಟಿ ಹೊಡೆಯುತ್ತಾರೆ. ಹಲಗೆ ಅಗಲಕ್ಕೆ ಹಿಗ್ಗಬೇಕೆನ್ನುತ್ತದೆ, ಪಟ್ಟಿಯ ಎಳೆ ಅದೇ ದಿಕ್ಕಿಗೆ ಉದ್ದವಾಗಿ ಇರುವುದರಿಂದ ಅದು ಜಗ್ಗುವುದಿಲ್ಲ. ಅಂಟೂ ಮೊಳೆಯೂ ಸೇರಿ ಬಿಗಿದಿದ್ದರೆ ಸೀಳು ಬರುವುದು ಹಲಗೆಗೆ. ಪಟ್ಟಿಯೇ ಬೇಕೆನ್ನುವವರು ನಡುವಿನ ಸ್ಕ್ರೂವನ್ನು ಬಿಗಿಯಾಗಿಟ್ಟು, ಎರಡು ತುದಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದಗೆ ಕೊರೆದು, ಅಂಟನ್ನು ಬಿಟ್ಟುಬಿಡಬೇಕು. ಆರು ಇಂಚು ಎತ್ತರಕ್ಕೆ ನನಗೆ ಹಿಡಿಸಿದ್ದು ಬೇರೆ ಕ್ರಮ: ಅದೇ ಹಲಗೆಯಿಂದ ಎರಡು ತುಂಡು ಕೊಯ್ದು, ಎಳೆ ಮೇಲಿನಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ ಕಾಲಾಗಿಸುವುದು; ಹಲಗೆಯ ಅಡಿಯಲ್ಲಿ ಕಾಲು ಇಂಚು ಆಳದ ಕಚ್ಚು ಕಡಿದು ಅವುಗಳನ್ನು ಕೂರಿಸುವುದು. ಆಗ ಹಲಗೆಯೂ ಕಾಲೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಜಗಳವೇ ಇಲ್ಲ. ಕಾಲುಗಳ ನಡುವೆ ಉದ್ದಕ್ಕೆ ಒಂದು ಪಟ್ಟಿ ಕೊಟ್ಟರೆ ಓಲಾಟವೂ ನಿಲ್ಲುತ್ತದೆ. ಅಂಟು ಮಾತ್ರ ನೀರು ತಡೆಯುವ ಬಗೆಯದೇ ಇರಲಿ, ಸಾಮಾನ್ಯ ಬಿಳಿ ಅಂಟು ಒದ್ದೆಗೆ ಮೆತ್ತಗಾಗುತ್ತದೆ.

ಮೈಗೆ ಹಚ್ಚುವುದರಲ್ಲಿಯೂ ಹೋಲಿಸಿ ನೋಡಿದೆ. ಮನೆಯಲ್ಲಿ ಮೊದಲು ಬರುವ ಸಲಹೆ ತೆಂಗಿನೆಣ್ಣೆ; ಅದು ಎಂದೂ ಗಟ್ಟಿಯಾಗದ ಎಣ್ಣೆ, ಸೀರೆಗೆ ಅಂಟುತ್ತದೆ, ಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ. ಅರಗಿನ ಫ್ರೆಂಚ್ ಪಾಲಿಶ್ ಸಾಗುವಾನಿಯ ಮೇಲೆ ಕಣ್ಣಿಗೆ ಹಬ್ಬವಾಗಿ ಕಂಡರೂ, ಒದ್ದೆ ಬಟ್ಟೆ ಇಟ್ಟಲ್ಲಿ ಬಿಳಿ ಕಲೆ ಬಿತ್ತು. ಮಳೆಯ ದಿನ ಹಚ್ಚಿದರಂತೂ ಇಡೀ ಪದರವೇ ಮಂಜಾಗುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುವಂಥದ್ದು; ಜನವರಿಯಿಂದ ಮಾರ್ಚ್ ಒಳಗೆ ತೆಳುವಾಗಿ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಿ, ಕೊನೆಯಲ್ಲಿ ಜೇನುಮೇಣ ತಿಕ್ಕಿದ ಹಲಸಿನ ಮಣೆ ಒದ್ದೆಯನ್ನು ಚೆನ್ನಾಗಿಯೇ ತಡೆದುಕೊಂಡಿತು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು, ಹರವಿ ಒಣಗಿಸಬೇಕು. ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನೂ ಕೆಲವರು ಸೂಚಿಸಿದರು. ಚರ್ಮ ಸುಡುವ ಆ ಕಪ್ಪು ಎಣ್ಣೆಯನ್ನು ಅಮ್ಮ ಕೂರುವ ವಸ್ತುವಿಗೆ ಹಚ್ಚಲು ನನಗೆ ಮನಸ್ಸು ಬರಲಿಲ್ಲ.

ಮಳೆ ಎರಚುವ ಜಗಲಿಯಲ್ಲಿ ಇಡುವ ವಸ್ತುವಾದರೆ ಹಣ ಹೋದರೂ ಸಾಗುವಾನಿಯ ಚೇಗನ್ನೇ ಕೊಳ್ಳಿ ಎನ್ನುತ್ತೇನೆ. ಮನೆಯೊಳಗೆ ದಿನಬಳಕೆಗೆ ಇರುವ, ಕೈಯಾರೆ ಮಾಡಿ ಕೊಡಬೇಕೆಂದಿರುವ ಉಡುಗೊರೆಗೆ ಹಳೆಯ ಹಲಸಿಗಿಂತ ಒಳ್ಳೆಯದನ್ನು ನಾನು ಕಾಣಲಿಲ್ಲ. ಅಮ್ಮನೂ ಹೂ ಕಟ್ಟಲು ಅದನ್ನೇ ಆರಿಸಿಕೊಂಡರು. ಸಾಗುವಾನಿಯದನ್ನು ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವಾಗ ಕೂರಲು ಒಯ್ದಿದ್ದಾರೆ. ರಬ್ಬರ್ ಹಲಗೆಯ ಮೇಲೆ ಈಗ ಮಿಕ್ಸಿ ಕುಳಿತಿದೆ.