ಕಪಾಟಿನಲ್ಲಿ ಸಿಡಿ ಇರುವಾಗ ಹಾಡು ಮತ್ತೆ ಕೊಳ್ಳಬೇಕಾ?

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಹಾಗಾಗಿ ಯುಎಸ್‌ಬಿಗೆ ಸಿಕ್ಕಿಸುವ ತೆಳ್ಳಗಿನ ಡಿವಿಡಿ ಡ್ರೈವ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಎರಡು ಸಾವಿರದೊಳಗೇ ಬಂತು. ಶಿರಸಿಯ ನಮ್ಮ ಮನೆಯ ಕಪಾಟಿನಲ್ಲಿರುವ ಸಿಡಿಗಳನ್ನೆಲ್ಲ ಫೈಲ್ ಮಾಡಿಡಬೇಕಿತ್ತು. ಅರ್ಧ ಅಪ್ಪಯ್ಯ ಆಟ ನೋಡಲು ಹೋದಲ್ಲೆಲ್ಲ ಕೊಂಡು ತಂದ ಯಕ್ಷಗಾನ, ತಾಳಮದ್ದಲೆ. ಉಳಿದದ್ದು ನಾನು ಹುಬ್ಬಳ್ಳಿಯಲ್ಲಿ ಓದುವಾಗ ಸೇರಿಸಿದ ಹಿಂದುಸ್ತಾನಿ. ‘ಇಷ್ಟೆಲ್ಲ ಯಾಕೆ, ಡೌನ್‌ಲೋಡ್ ಕೊಂಡರೆ ಮುಗೀತಲ್ಲ’ ಅಂದ ತಮ್ಮ. ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ರಿಪ್ ಮಾಡುವುದಕ್ಕೇ, ಅಂದರೆ ಸಿಡಿಯಲ್ಲಿರುವುದನ್ನು ಕಂಪ್ಯೂಟರಿಗೆ ಫೈಲಾಗಿ ಇಳಿಸುವುದಕ್ಕೇ. ನಮ್ಮ ಕಡೆಯ ಸಂಗೀತ ಕೇಳುವವರಾದರೆ ಬೇರೆ ದಾರಿಯೂ ಇಲ್ಲ ಅನ್ನಿ.

ಕೊಳ್ಳುವುದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಐಟ್ಯೂನ್ಸ್ ಸ್ಟೋರ್ ಭಾರತಕ್ಕೆ ಬಂದಿದ್ದು 2012ರ ಡಿಸೆಂಬರಿನಲ್ಲಿ. ಅಲ್ಲಿ ಸಿಗುವುದು 256 ಕೆಬಿಪಿಎಸ್‌ನ (ಅಂದರೆ ಸೆಕೆಂಡಿಗೆ 256 ಕಿಲೋಬಿಟ್‌ನ) ಎಎಸಿ ಎಂಬ ಬಗೆಯ ಫೈಲು. ಹಾಡಿಗೆ ಬೀಗ ಗೀಗ ಏನಿಲ್ಲ, ಬೇಕಾದ ಕಡೆ ಕಾಪಿ ಮಾಡಿಕೊಳ್ಳಬಹುದು. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದ ಹಾಡಿನಂಗಡಿ ನನಗೆ ಇನ್ನೂ ಇಷ್ಟ. ದುಡ್ಡು ಕೊಟ್ಟ ಮೇಲೆ ಫ್ಲಾಕ್ ಬೇಕಾ, ವೇವ್ ಬೇಕಾ, ಎಂಪಿ3 ಸಾಕಾ ಎಂದು ನಮ್ಮನ್ನೇ ಕೇಳುತ್ತದೆ.

ಈ ಫ್ಲಾಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಿಡಿಯಲ್ಲಿ ಸದ್ದು ಸೆಕೆಂಡಿಗೆ 1,411 ಕಿಲೋಬಿಟ್ ಲೆಕ್ಕದಲ್ಲಿ ಇರುತ್ತದೆ. ಫ್ಲಾಕ್ ಅದರಲ್ಲಿ ಒಂದು ಚೂರೂ ಬಿಡದೆ ಒತ್ತಿ ಮಡಚಿಡುತ್ತದೆ. ಸೈಜು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಪಿ3, ಎಎಸಿ ಹಾಗಲ್ಲ. ಕಿವಿಗೆ ಹೇಗೂ ಗೊತ್ತಾಗದು ಅನ್ನಿಸಿದ್ದನ್ನು ಬಿಸಾಡಿ ಚಿಕ್ಕದು ಮಾಡುತ್ತವೆ. ಹಾಗಂತ 256ರ ಫೈಲು ಕೆಟ್ಟದೇನಲ್ಲ. ಕಾರಿನಲ್ಲಿ ಕೇಳಿದರೆ ನನಗಂತೂ ವ್ಯತ್ಯಾಸ ತಿಳಿಯುವುದಿಲ್ಲ. 128ರ ಎಂಪಿ3ಯಲ್ಲಿ ಮಾತ್ರ ಚಂಡೆ ಕೇಳಿ ನೋಡಿ. ಪೆಟ್ಟು ಬೀಳುವ ಮೊದಲೇ ಒಂದು ಮಸುಕು ಸದ್ದು ಬಂದುಬಿಡುತ್ತದೆ. ಉರುಳಿಕೆ ಜೋರಾದಾಗ ಎಲ್ಲ ಸೇರಿ ಚರಚರ ಅನ್ನುತ್ತದೆ.

ಆದರೆ ನನ್ನ ತಕರಾರು ಸದ್ದಿನದ್ದಲ್ಲ. ನನ್ನ ಕಪಾಟಿನ ಬಡಗುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿ) ಸಿಡಿಗಳಲ್ಲಿ ಒಂದೂ ನಾನು ಹುಡುಕಿದ ಅಂಗಡಿಗಳಲ್ಲಿ ಮಾರಾಟಕ್ಕೆ ಸಿಗಲಿಲ್ಲ. ಇಡಗುಂಜಿ ಮೇಳದಲ್ಲಿ ವರ್ಷಗಟ್ಟಲೆ ಹಾಡಿದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಅಂಥವರ ಪದ ಇನ್ನು ಹೊಸದಾಗಿ ರೆಕಾರ್ಡ್ ಆಗುವುದಿಲ್ಲ. ಕೈಯಲ್ಲಿರುವ ಸಿಡಿಯೇ ಗತಿ. ಹಿಂದುಸ್ತಾನಿ ಸಿಗುತ್ತದೆ, ಆದರೆ ಅದರಲ್ಲೂ ಒಂದು ಫಜೀತಿ. ನನ್ನ ಹತ್ತಿರ ಸಿಡಿ ಇದ್ದ ಒಂದು ಖಯಾಲನ್ನೇ ಹೋಲಿಸಿ ನೋಡೋಣ ಎಂದು ಒಂದು ಅಂಗಡಿಯಿಂದ ಡೌನ್‌ಲೋಡ್ ಕೊಂಡೆ. ಹಳೆಯ ಟೇಪಿನ ಸುಂಯ್ ಸದ್ದು ತೆಗೆದು ಚೊಕ್ಕ ಮಾಡಿದ್ದರು. ಅದರ ಜೊತೆಗೆ ತಂಬೂರಿಯನ್ನೂ ಸವೆಸಿದ್ದರು! ಸಿಡಿಯಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುವಾಗ ತಂಬೂರಿ ಕೋಣೆ ತುಂಬುತ್ತದೆ. ಡೌನ್‌ಲೋಡಿನಲ್ಲಿ ಅಲ್ಲಿ ಖಾಲಿ. ಯಾವ ಮಾಸ್ಟರ್‌ನಿಂದ, ಅಂದರೆ ಯಾವ ಮೂಲ ಪ್ರತಿಯಿಂದ ಮಾಡಿದ್ದು ಎಂದು ಕೊಳ್ಳುವ ಪುಟದಲ್ಲಿ ಒಂದಕ್ಷರವೂ ಇರಲಿಲ್ಲ.

ಅಂಗಡಿ ಮುಚ್ಚುವ ಭಯವೂ ಸುಮ್ನೆ ಅಲ್ಲ. ಫ್ಲಿಪ್‌ಕಾರ್ಟ್‌ನ ಫ್ಲೈಟ್ ಎಂಬ ಹಾಡಿನಂಗಡಿ 2012ರಲ್ಲಿ ತೆರೆದು 2013ರಲ್ಲೇ ಬಾಗಿಲು ಹಾಕಿತು. ಡೌನ್‌ಲೋಡ್ ಕೊಂಡವರು ಫೈಲನ್ನು ಆಗಲೇ ಇಳಿಸಿಟ್ಟುಕೊಳ್ಳಬೇಕು. ಇನ್ನು ಸ್ಟ್ರೀಮಿಂಗ್ ಆಪ್‌ನಲ್ಲಿ ‘ಡೌನ್‌ಲೋಡ್’ ಒತ್ತುವುದು ಕೊಂಡ ಹಾಗಲ್ಲ. ಚಂದಾ ನಿಂತರೆ ಹಾಡೂ ನಿಂತಿತು. ನಾನು ಕೆಲಸಕ್ಕೆ ಕುಮಟಾಕ್ಕೆ ಓಡಾಡುವವಳು. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಪ್ರಸಂಗ ಅರ್ಧಕ್ಕೇ ಬಿಡಬೇಕಾಗುತ್ತದೆ.

ಈಗ ರಿಪ್ ಮಾಡುವ ಕೆಲಸ. ನಾನು ಬಳಸಿದ್ದು ವಿಂಡೋಸ್‌ನ ಎಕ್ಸಾಕ್ಟ್ ಆಡಿಯೋ ಕಾಪಿ. ಮನೆ ಬಳಕೆಗೆ ದುಡ್ಡಿಲ್ಲ. ನೋಡಲು ಹಳೇ ಕಾಲದ ಸಾಫ್ಟ್‌ವೇರ್, ಆದರೆ ಕೆಲಸ ಖಡಕ್. ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಅದೇ ಸಿಡಿಯನ್ನು ಬೇರೆಯವರು ಓದಿದಾಗ ಬಂದ ಲೆಕ್ಕದ ಜೊತೆ ನಮ್ಮದನ್ನು ತಾಳೆ ನೋಡುವ ಅಕ್ಯುರೇಟ್‌ರಿಪ್ ಎಂಬ ವ್ಯವಸ್ಥೆಯೂ ಇದೆ. ದೊಡ್ಡ ಕಂಪನಿಯ ಹಿಂದುಸ್ತಾನಿ ಸಿಡಿ ಹಾಕಿದರೆ ಹೆಸರು, ತಾಳೆ ಎಲ್ಲ ತಾನೇ ಬರುತ್ತಿತ್ತು. ಯಕ್ಷಗಾನದ ಸಿಡಿ ಹಾಕಿದರೆ ‘ಟ್ರ್ಯಾಕ್ 01, ಟ್ರ್ಯಾಕ್ 02’ ಅಷ್ಟೇ. ಅಲ್ಲಿ ತಾಳೆ ನೋಡಲು ಬೇರೆ ಯಾರೂ ಇಲ್ಲ. ಅಂಥದ್ದಕ್ಕೆ ‘ಟೆಸ್ಟ್ ಅಂಡ್ ಕಾಪಿ’ ಒತ್ತಿ. ಎರಡು ಸಲ ಓದಿ, ಎರಡು ಸಲವೂ ಬಂದ ಲೆಕ್ಕದ ಸಂಖ್ಯೆಯನ್ನು ಪಕ್ಕಪಕ್ಕ ತೋರಿಸುತ್ತದೆ. ಎರಡೂ ಒಂದೇ ಆದರೆ ನಿಶ್ಚಿಂತೆ.

ಮೊದಲು ಯಾವ ಸಿಡಿ ಹಾಕಬೇಕು? ತಿರುಗಿಸಿ ಹೊಟ್ಟೆ ನೋಡಿ. ಬೆಳ್ಳಗೆ ಹೊಳೆದರೆ ಅಚ್ಚು ಒತ್ತಿದ ಸಿಡಿ, ಅದಕ್ಕೆ ಅವಸರವಿಲ್ಲ. ಹಸಿರು, ನೀಲಿ, ನೇರಳೆ ಛಾಯೆ ಇದ್ದರೆ ಬರ್ನ್ ಮಾಡಿದ್ದು, ಬಣ್ಣದ ಪದರದ ಮೇಲೆ ಬರೆದದ್ದು. ಅದು ಬೇಗ ಕೆಡುತ್ತದೆ. ಊರ ಕಡೆ ಸಣ್ಣ ಪ್ರಮಾಣದಲ್ಲಿ ಮಾಡಿ ಮಾರಿದ್ದು ಬಹಳಷ್ಟು ಈ ಜಾತಿಯೇ. ಆಮೇಲೆ ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿದರೆ ಅಲ್ಲಿ ಹೊಳೆಯುವ ಲೋಹದ ಪದರ ಹೋಗಿದೆ ಎಂದರ್ಥ. ಹೊಟ್ಟೆಯ ಕಡೆ ಗೀರು ಬಿದ್ದರೆ ಎಷ್ಟೋ ಸಲ ಪಾರಾಗಬಹುದು. ಹೆಸರು ಅಚ್ಚಾದ ಮೇಲ್ಭಾಗ ಕೆರೆದರೆ ಮುಗೀತು, ಪದರ ಇರುವುದೇ ಅದರ ಕೆಳಗೆ. ನಮ್ಮ ಮಳೆಗಾಲಕ್ಕೆ ಕವರಿನ ಕಾಗದ ಬೂಷ್ಟು ಹಿಡಿದು ಸಿಡಿಗೇ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಒಣಗಿದ ಮೇಲೆ ನಿಧಾನ ಬಿಡಿಸಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ. ಗುಂಡಗೆ ತಿಕ್ಕಬಾರದು.

ಕೆಲವು ಸಿಡಿಗಳಲ್ಲಿ ರಿಪ್ ಮಾಡುವುದೇ ಏನಿಲ್ಲ. ‘ಎಂಪಿ3’ ಎಂದು ಬರೆದದ್ದರಲ್ಲಿ ಇರುವುದೇ ಫೈಲು, ಹಾಗೇ ಕಾಪಿ ಮಾಡಿಕೊಳ್ಳಿ. ಅದನ್ನು ಫ್ಲಾಕ್ ಮಾಡಿದರೆ ಸೈಜು ಜಾಸ್ತಿ ಆಗುತ್ತದೆಯೇ ಹೊರತು ಬಿಸಾಡಿದ ಸದ್ದು ವಾಪಸ್ ಬರುವುದಿಲ್ಲ. ಯಕ್ಷಗಾನದ ವಿಸಿಡಿಯೂ ಕಾಪಿ ಕೆಲಸವೇ, ಒಳಗೆ ಡಿಎಟಿ ಎಂಬ ವಿಡಿಯೋ ಫೈಲು ಇರುತ್ತದೆ.

ಬೇಸರದ ಕೆಲಸ ಅಂದರೆ ಹೆಸರು ಬರೆಯುವುದು. ಪ್ರಸಂಗ, ಭಾಗವತರು, ಮದ್ದಲೆ, ಚಂಡೆ, ಅರ್ಥಧಾರಿಗಳು, ಎಲ್ಲ ಕವರು ನೋಡಿ ಟೈಪ್ ಮಾಡಬೇಕು. ಕವರಿನಲ್ಲಿ ಇಲ್ಲದ್ದನ್ನು ಅಪ್ಪಯ್ಯ ಕೇಳಿಯೇ ಹೇಳಿದರು. ಪದ ಶುರುವಾಗುತ್ತಿದ್ದಂತೆ ಮದ್ದಲೆ ಯಾರದ್ದು ಅಂತ ಗೊತ್ತಾಗುತ್ತಿತ್ತು ಅವರಿಗೆ. ಕೇಳುತ್ತ ಕೇಳುತ್ತ ‘ಮದ್ದಲೆ ಚಲೋ ಕೇಳ್ತು ತಂಗಿ’ ಅಂದರು. ಈ ಸಂಜೆಗಳು ಯಾವ ಡೌನ್‌ಲೋಡಿನ ಜೊತೆಗೂ ಬರುವುದಿಲ್ಲ, ಅದು ನಿಜ. ಆದರೆ ಸಿಡಿ ಹಾಕಿ, ಕಾದು, ಹೆಸರು ಬರೆದು ಮುಗಿಸಲು ಒಂದೊಂದಕ್ಕೂ ಅರ್ಧ ತಾಸಿನ ಮೇಲೆ ಹಿಡಿಯುತ್ತದೆ ಎನ್ನುವುದೂ ನಿಜ. ಪುರುಸೊತ್ತಿಲ್ಲದವರು ಸಿನಿಮಾ ಹಾಡಿನ ಸಿಡಿಗೆ ಈ ಪಾಡು ಪಡಬೇಡಿ, ಕೊಂಡುಬಿಡಿ.

ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಫೋನಿನಲ್ಲಿ ಚಂದ ಕಾಣುತ್ತದೆ. ನಮ್ಮ ಕಾರಿನ ಸ್ಟೀರಿಯೋ ಮಾತ್ರ ಬರೀ ಚೌಕ ಚೌಕ ತೋರಿಸಿತು. ಅದು ಫ್ಲಾಕ್ ಓದುವುದೂ ಇಲ್ಲ, ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡದ ಪೆನ್‌ಡ್ರೈವ್ ಹಿಡಿಯುವುದೂ ಇಲ್ಲ. ಕಾರಿಗೆ ಅಂತ ಬೇರೆ ಎಂಪಿ3 ಮಾಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಫ್ಲಾಕ್ ಎರಡು ಹಾರ್ಡ್ ಡಿಸ್ಕಿನಲ್ಲಿದೆ, ಒಂದು ಶಿರಸಿಯಲ್ಲಿ, ಒಂದು ಕುಮಟಾದ ಆಫೀಸಿನಲ್ಲಿ.

‘ನಮಗೂ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಿ’ ಎನ್ನುವವರು ಬಂದೇ ಬರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗೆ ಜಾಗ ಬಿಟ್ಟಿದೆ. ಊರಿಗೆಲ್ಲ ಹಂಚುವುದು ಸ್ವಂತ ಬಳಕೆ ಆಗಲಿಕ್ಕಿಲ್ಲ, ಅಲ್ವಾ? ಬೇಕಾದರೆ ಮನೆಗೆ ಬಂದು ಕೇಳಿ ಅಂತೇನೆ. ಚಹಾನೂ ಸಿಗುತ್ತದೆ.

ಡ್ರೈವ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಸದ್ದು ಸ್ವಲ್ಪ ಜಾಸ್ತಿ, ಅದು ಪರವಾಗಿಲ್ಲ. ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡುತ್ತದೆ, ಶಿರಸಿಯ ಮಳೆಗಾಲಕ್ಕೆ ಇದು ಬೇಕೇ ಬೇಕು. ಒಂದು ಸ್ಟಾರ್ ಕಿತ್ತಿದ್ದು ಡ್ರೈವಿಗೇ ಅಂಟಿಕೊಂಡಿರುವ ಗೇಣುದ್ದದ ಕೇಬಲ್‌ಗೆ.