ಕಫ ಸಡಿಲಿಸುವ ಕಂಪನ ಸಾಧನ: ಮೂರು ವರ್ಷಗಳ ಬಳಕೆಯ ಅನುಭವ

ನನಗೆ ಬ್ರಾಂಕಿಯೆಕ್ಟಾಸಿಸ್ ಇದೆ. ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫವನ್ನು ಮೇಲಕ್ಕೆ ಸಾಗಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ವೈದ್ಯರ ಸಲಹೆಯಂತೆ ಪೈಪಿನಾಕಾರದ ಕಂಪನ ಸಾಧನವೊಂದನ್ನು ಮೂರು ವರ್ಷಗಳಿಂದ ದಿನಕ್ಕೆರಡು ಬಾರಿ ಬಳಸುತ್ತಿದ್ದೇನೆ. ಅದರೊಳಗೆ ಒಂದು ಉಕ್ಕಿನ ಗುಂಡಿದೆ. ಉಸಿರು ಬಿಟ್ಟಾಗ ಗುಂಡು ಮೇಲೇಳುತ್ತದೆ, ತನ್ನ ಭಾರಕ್ಕೆ ಮತ್ತೆ ಕೂರುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಏರಿಳಿತದ ಒತ್ತಡದಿಂದ ಶ್ವಾಸನಾಳಗಳು ಮುಚ್ಚಿಕೊಳ್ಳದೆ ತೆರೆದಿರುತ್ತವೆ ಮತ್ತು ಅಂಟಿಕೊಂಡ ಕಫ ಸಡಿಲಗೊಳ್ಳುತ್ತದೆ.

ಮೊದಲ ಎರಡು ತಿಂಗಳು ಯಾವ ಪ್ರಯೋಜನವೂ ಕಾಣಲಿಲ್ಲ. ಮಾರಿದವರು ಬಳಸುವ ಬಗೆಯನ್ನು ತೋರಿಸಿರಲಿಲ್ಲ. ನಾನು ಬಲವಾಗಿ ಊದಿ, ಪಕ್ಕೆ ನೋಯುವಷ್ಟು ಕೆಮ್ಮುತ್ತಿದ್ದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನ ಅಂಗೈಯನ್ನು ನನ್ನದೇ ಎದೆಯ ಮೇಲೆ ಇರಿಸಿ, ಪೈಪನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೂ ಕೆಳಕ್ಕೂ ವಾಲಿಸುತ್ತ, ನಡುಕ ಎಲ್ಲಿ ಅತ್ಯಂತ ಸ್ಪಷ್ಟವಾಗಿ ಕೈಗೆ ತಾಗುತ್ತದೆಯೋ ಅಲ್ಲಿಗೆ ನಿಲ್ಲಿಸಿದರು. ಕೆನ್ನೆ ನಡುಗಿದರೆ ಸಾಲದು, ಎದೆ ನಡುಗಬೇಕು ಎಂಬುದು ಅಂದು ತಿಳಿಯಿತು.

ಅವರು ಕಲಿಸಿದ ಕ್ರಮ ಹೀಗಿದೆ. ಸಾಮಾನ್ಯಕ್ಕಿಂತ ತುಸು ಹೆಚ್ಚು ಉಸಿರೆಳೆದು, ಎರಡು ಮೂರು ಸೆಕೆಂಡು ಹಿಡಿದಿಟ್ಟು, ನಿಧಾನವಾಗಿ ಸಾಧನದೊಳಗೆ ಬಿಡಬೇಕು. ಹತ್ತು ಉಸಿರುಗಳಾದ ಮೇಲೆ ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ ಆವಿ ಹಾಯಿಸುವಂತೆ, ಬಾಯಿ ಮತ್ತು ಗಂಟಲು ತೆರೆದು ‘ಹಾ’ ಎಂದು ಉಸಿರು ತಳ್ಳಬೇಕು. ಇದನ್ನು ಹಫ್ ಎನ್ನುತ್ತಾರೆ. ಉದ್ದನೆಯ ಹಫ್ ಆಳದ ಕಫವನ್ನು ಕದಲಿಸುತ್ತದೆ; ಕಫ ಮೇಲೆ ಬಂದಾಗ ಚಿಕ್ಕ, ಚುರುಕಾದ ಹಫ್ ಒಂದು ಸಾಕು. ನಡುವೆ ಭುಜ ಸಡಿಲಬಿಟ್ಟು ಶಾಂತವಾಗಿ ಉಸಿರಾಡದಿದ್ದರೆ ಎದೆ ಬಿಗಿಯುತ್ತದೆ, ತಲೆ ಸುತ್ತುತ್ತದೆ. ನಿಜವಾಗಿ ಕಫವನ್ನು ಹೊರತರುವುದು ಈ ಹಫ್. ಸಾಧನ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇಷ್ಟು ಮುಖ್ಯವಾದ ವಿಷಯವನ್ನು ಬಳಕೆಯ ಚೀಟಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಇಂದಿಗೂ ಬೇಸರದ ಸಂಗತಿ.

ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್ ಮೊದಲು, ನಂತರ ನೆಬ್ಯುಲೈಜರ್‌ನಲ್ಲಿ ಉಪ್ಪುನೀರಿನ ದ್ರಾವಣ, ಬಳಿಕ ಈ ಅಭ್ಯಾಸ. ಎಲ್ಲವೂ ಖಾಲಿ ಹೊಟ್ಟೆಯಲ್ಲಿ. ಮೊದಲ ವರ್ಷ ನಾಲ್ಕು ಬಾರಿ ಆ್ಯಂಟಿಬಯಾಟಿಕ್ ಬೇಕಾಗಿತ್ತು, ಕಳೆದ ವರ್ಷ ಒಮ್ಮೆ; ಉಪ್ಪುನೀರಿನ ಪಾಲೂ ಇರುವುದರಿಂದ ಶ್ರೇಯಸ್ಸನ್ನೆಲ್ಲ ಸಾಧನಕ್ಕೇ ಕೊಡಲಾರೆ.

ಕೊರತೆಯೆಂದರೆ, ಗುಂಡು ಗುರುತ್ವಾಕರ್ಷಣೆಯನ್ನು ಅವಲಂಬಿಸಿರುವುದರಿಂದ ಜ್ವರದಲ್ಲಿ ಮಲಗಿಕೊಂಡು ಬಳಸುವುದು ಕಷ್ಟ. ಅಂಥವರಿಗೆ ಅಯಸ್ಕಾಂತ ಮತ್ತು ಸನ್ನೆಕೋಲಿನಿಂದ ಕೆಲಸ ಮಾಡುವ ಬಗೆ ಅನುಕೂಲ, ಏಕೆಂದರೆ ಅದು ಯಾವ ಭಂಗಿಯಲ್ಲೂ ನಡೆಯುತ್ತದೆ. ನನ್ನ ಸಾಧನವನ್ನು ಪ್ರತಿದಿನ ಬಿಚ್ಚಿ ಸಾಬೂನಿನ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಗುಂಡಿನ ಮೇಲೆ ಕಫದ ಪೊರೆ ಕೂತರೆ ಅದು ಸಲೀಸಾಗಿ ಕುಣಿಯುವುದಿಲ್ಲ, ತೇವ ಉಳಿದರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ.

ಕಫದಲ್ಲಿ ರಕ್ತ ಕಂಡ ದಿನ ನಾನು ಸಾಧನವನ್ನು ಮುಟ್ಟದೆ ವೈದ್ಯರಿಗೆ ಕರೆ ಮಾಡಿದೆ. ಶ್ವಾಸಕೋಶದ ಸುತ್ತ ಗಾಳಿ ಸೋರಿಕೆಯಾದವರೂ ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು.